ಬಿಸಿಯಾದರೆ ಮೂರ್ಛೆ ಹೋಗುವ ಕಾರು

ಮೊದಲಿಗೆ ಒಂದು ಅರಿಕೆ. ಈ ಬರಹದಲ್ಲಿ ಲೋಪದೋಷಗಳಿವೆ. ‘ಲೋಪದೋಷಗಳು ಇದ್ದಿರಬಹುದು’ ಎಂದು ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ಇಲ್ಲದಿರಲೂಬಹುದು ಎಂಬ ಅಹಂಕಾರ ಒಳಗಿನಿಂದ ಇಣುಕಿದಂತಾಗುತ್ತದೆ ಎನಿಸಿ ತಿದ್ದಿಕೊಂಡೆ. ತಿದ್ದಿಕೊಳ್ಳುವುದು ನನ್ನ ಸ್ವಭಾವ. ತಲೆಮಾರುಗಳಿಂದ ಕುರಿ ಕಾಯ್ದುಕೊಂಡು ಬಂದ ನಮ್ಮ ಮನೆತನದಲ್ಲಿ ಪದವಿಯ ಮುಖ ಕಂಡವನು ನಾನೇ ಮೊದಲಿಗ. ಊರಿನವರು ಸನ್ಮಾನ ಮಾಡಿದಾಗ ಮೊದಲಿಗನಾಗುವುದು ಬಹಳ ಹೆಮ್ಮೆಯ ಸಂಗತಿ ಎಂದು ಭಾಷಣಕಾರರು ಹೇಳಿದರು. ಆದರೆ ಮೊದಲಿಗನ ಮುಂದೆ ನಡೆದು ದಾರಿ ತೋರಿಸಿದವರು ಯಾರೂ ಇರುವುದಿಲ್ಲವೆಂಬುದನ್ನು ಅವರು ಹೇಳಲಿಲ್ಲ. ಸಾಹೇಬರ ಮನೆಯಲ್ಲಿ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯಬಹುದೇ, ಕುಡಿದರೆ ಸದ್ದಿಲ್ಲದೆ ಕುಡಿಯಬೇಕೇ ಎಂಬಂಥ ಗಹನ ಪ್ರಶ್ನೆಗಳನ್ನು ನಾನೊಬ್ಬನೇ ಬಿಡಿಸಿಕೊಳ್ಳಬೇಕಾಯಿತು. ಈ ಎಚ್ಚರಿಕೆಯೇ ಮುಂದೆ ನಮ್ಮ ಕಾರಿನ ಗಂಟಲಿಗೆ ಬಂತು. ಅದನ್ನು ಕ್ರಮವಾಗಿ ನಿವೇದಿಸಲು ಪ್ರಯತ್ನಿಸುತ್ತೇನೆ.

ಜಮಖಂಡಿಯ ಕಚೇರಿಯೊಂದರಲ್ಲಿ ನನಗೆ ಗುಮಾಸ್ತನ ಕೆಲಸ. ನಮ್ಮ ಮನೆ ಇರುವುದು ತುಬಚಿಯ ಕಡೆಗೆ, ಹೊಲದ ಅಂಚಿನಲ್ಲಿ. ಹೋಗಿ ಬರಲು ಅನುಕೂಲವಾಗಲಿ ಎಂದು ನಾನೊಂದು ಹಳೆಯ ಬಿಳಿ ಕಾರನ್ನು ಕೊಂಡೆ. ಬಹಳ ಸಭ್ಯವಾದ ಕಾರು. ಮುಂಜಾನೆ ತಣ್ಣಗಿದ್ದಾಗ ಕೀಲಿ ತಿರುವಿದ ಕೂಡಲೇ ಎಚ್ಚರಗೊಳ್ಳುತ್ತಿತ್ತು, ರಸ್ತೆಯಲ್ಲಿ ಒಳ್ಳೆಯ ಓಟ ಓಡುತ್ತಿತ್ತು. ಆದರೆ ಕೆಲವು ತಿಂಗಳಾದ ಮೇಲೆ ಅದಕ್ಕೊಂದು ಕಾಯಿಲೆ ಹತ್ತಿತು. ಚೆನ್ನಾಗಿ ಬಿಸಿಯಾದ ಮೇಲೆ ಎಲ್ಲಿಯಾದರೂ ನಿಲ್ಲಿಸಿ, ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಸಾಕು, ಮೈ ಒಮ್ಮೆ ನಡುಗಿಸಿ, ನಿಟ್ಟುಸಿರು ಬಿಟ್ಟು, ಮೂರ್ಛೆ ಹೋಗುತ್ತಿತ್ತು. ಮತ್ತೆ ಕೀಲಿ ತಿರುವಿದರೆ ಏಳುತ್ತಿತ್ತು. ಕಾಲು ತೆಗೆದರೆ ಮತ್ತೆ ಬೀಳುತ್ತಿತ್ತು.

ಓಡುವಾಗ ಓಡುತ್ತದಲ್ಲ, ನಿಂತಾಗ ನಿಂತರೆ ನಷ್ಟವೇನು ಎಂದು ದಕ್ಷಿಣದ ಓದುಗರು ಕೇಳಬಹುದು. ಅವರಿಗೆ ನಮ್ಮ ಸೀಮೆಯ ರಿವಾಜು ತಿಳಿಯದು. ನಮ್ಮಲ್ಲಿ ಕಾರಿನ ಇಂಜಿನ್ನು ಓಡುವುದಕ್ಕಿಂತ ನಿಂತು ಗುರುಗುಡುವುದೇ ಹೆಚ್ಚು. ಪರಿಚಿತರು ಎದುರಾದರೆ ಗಾಡಿ ನಿಲ್ಲಿಸದೆ ಹೋಗುವುದು ಸೊಕ್ಕು. ನಿಲ್ಲಿಸಿ ಇಂಜಿನ್ ಆರಿಸಿದರೆ ಚಹಾಕ್ಕೆ ಬಂದೆನೆಂದು ಅರ್ಥ. ಇಂಜಿನ್ ಚಾಲೂ ಇಟ್ಟು ಮಾತನಾಡಿದರೆ ‘ನಿಮ್ಮ ಮೇಲೆ ಪ್ರೀತಿಯೂ ಇದೆ, ನನಗೆ ಕೆಲಸವೂ ಇದೆ’ ಎಂದು ಅರ್ಥ. ಇನ್ನು ಬೀಗರ ಮನೆಯಿಂದ ಹೊರಡುವಾಗಿನ ಮಾತಂತೂ ಕೇಳುವುದೇ ಬೇಡ. ಒಳಗೆ ಕುಳಿತು ಇಡೀ ಮಧ್ಯಾಹ್ನ ಆಡದ ಮುಖ್ಯ ವಿಷಯಗಳೆಲ್ಲ ಕಾರು ಚಾಲೂ ಆದ ಮೇಲೆಯೇ ಕಿಟಕಿಗೆ ಬಂದು ನಿಲ್ಲುತ್ತವೆ. ಇಂಥ ನಾಡಿನಲ್ಲಿ ನಿಂತಲ್ಲಿ ಉಸಿರಾಡಲಾರದ ಕಾರನ್ನು ಇಟ್ಟುಕೊಂಡವನ ಪಾಡು ಏನಾಗಬೇಕು? ದಾರಿಯಲ್ಲಿ ಯಾರಿಗೆ ಕೈ ಎತ್ತಿದರೂ ಇಂಜಿನ್ ತಾನಾಗಿ ಆರಿ, ಅವರು ಸಂತೋಷದಿಂದ, “ಬರ್ರಿ ಬರ್ರಿ, ಇಳೀರಿ” ಎಂದು ಬಾಗಿಲು ತೆಗೆದು, ನಾನು ಬೇಡದ ಚಹಾಗಳನ್ನು ಕುಡಿದು ಕುಡಿದು ಪಿತ್ತ ಹೆಚ್ಚಿಸಿಕೊಂಡೆ.

ಇಲ್ಲೊಂದು ಅಪ್ರಸ್ತುತ ವಿಷಯ. ನಾವು ಬೀರಪ್ಪನ ಒಕ್ಕಲು. ಮನೆಯಲ್ಲಿ ಏನೇ ಹೊಸದು ಬರಲಿ, ಅದಕ್ಕೆ ದೇವರ ಭಂಡಾರ ಹಚ್ಚದೆ ಅಪ್ಪ ಮುಟ್ಟುವುದಿಲ್ಲ. ಭಂಡಾರವೆಂದರೆ ಅರಿಶಿಣದ ಪುಡಿಯೇ. ಆದರೆ ಅದನ್ನು ಹಾಗೆಂದರೆ ಅಪ್ಪನಿಗೆ ಸಿಟ್ಟು ಬರುತ್ತದೆ. ಕಾರು ಬಂದ ದಿನದಿಂದ ಪ್ರತಿ ಮುಂಜಾನೆ ಅದರ ಬಾನೆಟ್ಟಿನ ಮೇಲೆ ಒಂದು ಮುಷ್ಟಿ ಭಂಡಾರ ಬೀಳುತ್ತಿತ್ತು. ಆ ಶೋಭೆಯಲ್ಲಿಯೇ ನಾನೊಮ್ಮೆ ಕಚೇರಿಗೆ ಹೋದಾಗ ನಮ್ಮ ಮೇಲ್ವಿಚಾರಕರಾದ ಕುಲಕರ್ಣಿ ಸಾಹೇಬರು ಕಟ್ಟೆಯ ಮೇಲೆ ನಿಂತು, “ಏನ್ರೀ, ಇದರದು ಲಗ್ನ ಆಗೇದೇನು? ಅರಿಶಿಣ ಹಚ್ಚಿಸಿಕೊಂಡು ಬಂದದಲ್ಲ?” ಎಂದರು. ಅವರು ನಕ್ಕರು. ನಾನೂ ನಕ್ಕೆ. ಆದರೆ ಪದವೀಧರನ ನಗು ತುಟಿಯಿಂದ ಕೆಳಗೆ ಇಳಿಯುವುದಿಲ್ಲ. ಸಂಜೆ ಮನೆಗೆ ಬಂದು ಅಪ್ಪನಿಗೆ ಬಹಳ ನಯವಾಗಿ ಹೇಳಿದೆ: “ಅಪ್ಪಾ, ಭಂಡಾರ ಹಾಕಬೇಡ ಅನ್ನುವುದಿಲ್ಲ. ಮೇಲೆ ಕಾಣುವಂತೆ ಬೇಡ. ಏನಿದ್ದರೂ ಒಳಗೆ ಹಾಕು.” ಅಪ್ಪ ತಲೆಯಾಡಿಸಿದ. “ಅಷ್ಟ ಹೌದಲ್ಲೋ? ಒಳಗ ಹಾಕೂನು ತಗೋ.” ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆ. ಈಗ ಪ್ರಸ್ತುತಕ್ಕೆ ಬರೋಣ.

ಕಾರಿಗೆ ಕಾಯಿಲೆ ಬಂದ ಸುದ್ದಿ ಹರಡಿದ ಮೇಲೆ ನನಗೊಂದು ಸತ್ಯ ಗೋಚರಿಸಿತು. ನಮ್ಮ ಭಾಗದಲ್ಲಿ ಕಾರು ಇಟ್ಟವರು ಕಡಿಮೆ ಇರಬಹುದು, ಕಾರಿನ ವೈದ್ಯರು ಕಡಿಮೆಯಿಲ್ಲ. ಪ್ರತಿಯೊಬ್ಬರೂ ತಮ್ಮ ಕಸುಬಿನ ಕನ್ನಡಕ ಹಾಕಿಕೊಂಡೇ ನಾಡಿ ಹಿಡಿಯುತ್ತಾರೆ. ಬನಹಟ್ಟಿಯಲ್ಲಿ ಮಗ್ಗ ಇಟ್ಟಿರುವ ಗೆಳೆಯ ಕಣ್ಣು ಮುಚ್ಚಿ ಸದ್ದು ಆಲಿಸಿ, “ಎಲ್ಲೋ ಒಂದ ಎಳಿ ಹರದೈತಿ ನೋಡ, ನಮ್ಮ ಮಗ್ಗಾನೂ ಹಿಂಗ ನಿಲ್ತಿತ್ತು” ಎಂದ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು, “ಉರಿ ಹೆಚ್ಚಾಗಿ ಪಾಕ ಗಟ್ಟಿ ಆಗೈತ್ರಿ. ಬೆಂಕಿ ಸಣ್ಣ ಮಾಡಸ್ರಿ” ಎಂದರು. ಕುಲಕರ್ಣಿ ಸಾಹೇಬರು ಕಚೇರಿಯ ಮನುಷ್ಯ, “ಮ್ಯಾಲಿನವ್ರು ನೋಡೂತನಕಾ ಕೆಲಸ ಮಾಡ್ತದ, ಕಾಲು ತೆಗೆದ್ರ ಮಲಗ್ತದ. ಇದು ಸರ್ಕಾರಿ ನೌಕರಿ ಗಾಡಿ ಅದರೀ” ಎಂದು ತೀರ್ಪು ಕೊಟ್ಟರು. ಅಪ್ಪ ಮಾತ್ರ ಹಟ್ಟಿಯ ಕುರಿಯೊಂದು ಮೇವು ಬಿಟ್ಟಾಗ ನೋಡುವಂತೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ನನ್ನ ಕಡೆ ತಿರುಗಿದ. “ಲೇ ತಮ್ಮಾ, ಇಷ್ಟ ಸಾಲಿ ಕಲ್ತೀಯಲ್ಲ, ಯಾಕ ಬಂದ್ ಬೀಳ್ತೈತಿ ಅಂತ ಓದಿ ಹೇಳಾಕ ಬರಂಗಿಲ್ಲೇನು?” ನಾನು ಓದಿದ್ದು ಇತಿಹಾಸ. ಇಂಜಿನ್ನುಗಳ ಪತನಕ್ಕೆ ಕಾರಣಗಳು ಅದರಲ್ಲಿ ಬರುವುದಿಲ್ಲ ಎಂದು ಅವನಿಗೆ ವಿವರಿಸಲಾಗಲಿಲ್ಲ.

ಕೊನೆಗೆ ಈರಣ್ಣ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಒಯ್ಯುವ ಮುನ್ನ, ವೈದ್ಯರ ಬಳಿ ಹೋಗುವವನು ಮೈ ತೊಳೆದುಕೊಂಡು ಹೋಗುವಂತೆ, ಬಾನೆಟ್ ಎತ್ತಿ ಒಳಗೆ ಅಲ್ಲಲ್ಲಿ ಕಂಡ ಹಳದಿಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ಮಿಸ್ತ್ರಿ ನೋಡಿ ಏನೆಂದುಕೊಂಡಾನು! ದಾರಿಯುದ್ದಕ್ಕೂ ಕಾಯಿಲೆಯ ವರದಿಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿ ಒಪ್ಪಿಸಿದೆ: “ನೋಡಿ, ವಾಹನವು ಸಂಪೂರ್ಣ ಉಷ್ಣಗೊಂಡ ತರುವಾಯ, ನಿಶ್ಚಲಾವಸ್ಥೆಯಲ್ಲಿ, ವೇಗವರ್ಧಕದ ಮೇಲಿನ ಒತ್ತಡವನ್ನು ತೆರವುಗೊಳಿಸಿದಾಗ, ಅದರ ಯಂತ್ರವು ಸ್ತಬ್ಧವಾಗುತ್ತದೆ.” ಈರಣ್ಣ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, “ಅಂದ್ರ ಬಂದ್ ಬೀಳ್ತೈತಿ ಅನ್ರಿ” ಎಂದ. ಆಮೇಲೆ, “ಗಾಳಿ ಫಿಲ್ಟರ್ ನೋಡಬೇಕೇನ್ರಿ?” ಎಂದು ಕೇಳಿದ. “ಅಗತ್ಯವಿಲ್ಲ. ಇತ್ತೀಚೆಗಷ್ಟೇ ಹೊಸದನ್ನು ಅಳವಡಿಸಲಾಗಿದೆ” ಎಂದೆ. ವಾಕ್ಯ ವ್ಯಾಕರಣಬದ್ಧವಾಗಿತ್ತು, ಅವನು ನಂಬಿದ.

ನಂಬಿ, ಬೇರೆ ಎಲ್ಲವನ್ನೂ ಬದಲಿಸಿದ. ಪ್ಲಗ್ಗು ಬದಲಾಯಿತು, ಬ್ಯಾಟರಿ ಬದಲಾಯಿತು, ಪೆಟ್ರೋಲ್ ಬಂಕ್ ಕೂಡ ಬದಲಾಯಿತು. ಕಾರಿನ ಸ್ವಭಾವ ಬದಲಾಗಲಿಲ್ಲ. ಮುಧೋಳದಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆಂದು ಯಾರೋ ಹೇಳಿದ್ದರಿಂದ ಅಲ್ಲಿಗೂ ಹೋದೆ. ಅಲ್ಲಿ ಪಾಳಿಯಲ್ಲಿ ಕಾಯ್ದು ಕಾಯ್ದು ನನ್ನ ತಲೆ ಬಿಸಿಯಾಯಿತು, ಕಾರು ತಣ್ಣಗಾಯಿತು. ತಣ್ಣಗಾದ ಕಾರು ಸಜ್ಜನರಲ್ಲಿ ಸಜ್ಜನ. ಕಂಪ್ಯೂಟರಿನ ಪರದೆಯ ಮೇಲೆ ಯಾವ ದೋಷವೂ ಕಾಣಲಿಲ್ಲ. “ಗಾಡಿ ಫಸ್ಟ್ ಕ್ಲಾಸ್ ಐತ್ರಿ, ನಿಮಗ ಹೊಡ್ಯಾಕ ಬರಂಗಿಲ್ಲೋ ಏನೋ” ಎಂದು ಅಲ್ಲಿಯವರು ದೋಷವನ್ನು ನನ್ನ ಹೆಸರಿಗೆ ವರ್ಗಾಯಿಸಿ ಕಳುಹಿಸಿದರು. ನಗರದ ಅಂಚು ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಿಂತಾಗ ಆ ಫಸ್ಟ್ ಕ್ಲಾಸ್ ಗಾಡಿ ಮೂರ್ಛೆ ಹೋಯಿತು.

ಇಷ್ಟಾದರೂ ನಾನು ಸಹಿಸುತ್ತಿದ್ದೆನೇನೋ. ಆದರೆ ನನ್ನ ತಂಗಿ ರೇಣುಕಾ ಚೊಚ್ಚಲ ಬಸುರಿಯಾಗಿದ್ದಳು. ಅವಳ ಗಂಡನ ಮನೆ ಬೀಳಗಿಯಲ್ಲಿ. ಅಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕಾಗಿತ್ತು. ಅವ್ವ ಆಗಲೇ ಬಾಣಂತಿಗೆ ಕೊಡುವ ಅಂಟಿನುಂಡಿಗೆ ಒಣಕೊಬ್ಬರಿ ತುರಿಯುತ್ತಿದ್ದಳು. ತೊಟ್ಟಿಲಿಗೆಂದು ಮರಿಗಳ ಮೆತ್ತನೆಯ ಉಣ್ಣೆಯಿಂದ ಒಂದು ಪುಟ್ಟ ಕಂಬಳಿ ನೇಯಿಸಿ ಇಟ್ಟಿದ್ದಳು. ಕುಬಸದ ದಿನ ಗೊತ್ತುಮಾಡಲು ನಾನೂ ಅಪ್ಪನೂ ಕಾರಿನಲ್ಲಿ ಬೀಳಗಿಗೆ ಹೋದೆವು. ಮಾತುಕತೆ ಚೆನ್ನಾಗಿಯೇ, ಇಂಜಿನ್ನಿನ ಬಿಸಿ ಆರುವ ಮೊದಲೇ ಮುಗಿಯಿತು. ಹೊರಡುವಾಗ ಬೀಗತಿ, ಅಂದರೆ ತಂಗಿಯ ಅತ್ತೆ, ಕಿಟಕಿಯ ಹತ್ತಿರ ಬಂದು ಮುಖ್ಯ ವಿಷಯಗಳನ್ನು ಆರಂಭಿಸಿದರು. ಕಾರು ನಿಂತಿತು. ಚಾಲೂ ಮಾಡಿದೆ. ಅವರು ವಾಕ್ಯ ಮುಂದುವರಿಸಿದರು. ಕಾರು ನಿಂತಿತು. ಅವರ ಮಾತಿನ ನಡುನಡುವೆ ನನ್ನ ಕಾರು ಹೀಗೆ ಪೂರ್ಣವಿರಾಮ ಇಡುತ್ತ ಹೋದದ್ದು ಅವರಿಗೆ ಸೇರಲಿಲ್ಲ.

“ಇದೇನ್ ತಮ್ಮಾ ನಿನ್ನ ಗಾಡಿ? ನಿಂತಲ್ಲಿ ನಿಂದರೂ ತಾಕತ್ತಿಲ್ಲಲ್ಲ ಇದಕ್ಕ! ತುಂಬಿದ ಬಸರಿನ್ನ ಇದರಾಗ ಕುಂಡ್ರಿಸಿ, ನಡುದಾರ್‍ಯಾಗ ಬಂದ್ ಬಿದ್ದು, ಕಬ್ಬಿನ ಗಾಡಿ ನಡುವ ಸಿಕ್ಕೊಂಡ್ರ ಏನ್ ಮಾಡ್ತಿ?” ಎಂದು ನನ್ನನ್ನು ಕೇಳಿ, ಅಪ್ಪನ ಕಡೆ ತಿರುಗಿ, “ಬೀಗರ, ಸಿಟ್ಟಿಗೇಳಬ್ಯಾಡ್ರಿ. ಕುಬಸ ಮಾಡ್ರಿ, ಉಣ್ರಿ, ಹೋಗ್ರಿ. ನಾ ಸೊಸಿನ್ನ ಈ ಗಾಡ್ಯಾಗ ಕಳಸಂಗಿಲ್ಲ. ಬಾಣಂತನ ಇಲ್ಲೇ ಆಗ್ಲಿ” ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದಳು. ನಾನು ಸ್ಟೇರಿಂಗನ್ನು ನೋಡಿದೆ.

ಮನೆಗೆ ಬಂದು ವಿಷಯ ತಿಳಿಸಿದಾಗ ಅವ್ವ ಕೊಬ್ಬರಿ ತುರಿಯುವುದನ್ನು ನಿಲ್ಲಿಸಿದಳು. ಬಾಡಿಗೆಯ ಗಾಡಿ ಮಾಡೋಣವೆಂದು ನಾನು ಸೂಚಿಸಿದರೆ ಅಪ್ಪ ಸಿಡಿದ: “ಮನ್ಯಾಗ ಗಾಡಿ ಇಟ್ಕೊಂಡು ಬಾಡಿಗಿ ಗಾಡಿ ತಂದ್ರ, ಬೀಗತಿ ಅಂದಿದ್ದು ಖರೆ ಅಂತ ನಾವ ಒಪ್ಕೊಂಡಂಗಲ್ಲೇನೋ? ಅದರಾಗ ಹೋಗೂದು, ಅದರಾಗ ಕರ್ಕೊಂಡ ಬರೂದು. ನಾ ನೋಡ್ಕೋತೇನಿ ಅದನ್ನ.” ಅಪ್ಪ ನೋಡಿಕೊಳ್ಳುತ್ತೇನೆ ಎಂದರೆ ಏನು ಮಾಡುತ್ತಾನೆ ಎಂದು ಕೇಳುವಷ್ಟು ಬುದ್ಧಿ ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ.

ಈರಣ್ಣನೂ ಕೈ ಚೆಲ್ಲಿದ್ದ. “ಸರ, ಒಂದ ಕೆಲಸ ಮಾಡ್ರಿ. ನಿಂತಾಗ ಒಂದ ಕಾಲ ಬ್ರೇಕ್ ಮ್ಯಾಲ ಇಡ್ರಿ, ಒಂದ ಕಾಲಿಲೆ ಆಕ್ಸಿಲರೇಟರ್ ಹಗರಕ ಒತ್ತಕೋತ ಇರ್ರಿ. ನಿಲ್ಲಂಗಿಲ್ಲ” ಎಂದು ಉಪಾಯ ಹೇಳಿದ. ಕುಬಸದ ದಿನ ಹಾಗೆಯೇ ಹೋದೆವು. ಬೀಗರ ಅಂಗಳದಲ್ಲಿ ಹೆಂಗಸರು ನೆರೆದಿದ್ದರು. ಹಸಿರು ಸೀರೆ, ಹಸಿರು ಬಳೆ, ಆರತಿ, ಹಾಡು ಎಲ್ಲ ಆಯಿತು. ಹೊರಡುವ ಹೊತ್ತಿಗೆ ಅಪ್ಪ ನನಗೆ ಕಣ್ಸನ್ನೆ ಮಾಡಿದ. ಕಾರಿನ ಆರೋಗ್ಯವನ್ನು ಬೀಗತಿಗೆ ಪ್ರದರ್ಶಿಸುವ ಸಲುವಾಗಿ ನಾನು ಪೆಟ್ರೋಲ್ ಹಾಕಿಸಿಕೊಂಡು ಬಂದು, ಬಿಸಿಯಾಗಿದ್ದ ಅದನ್ನು ಬಾಗಿಲಿಗೆ ತಂದು, ಚಾಲೂ ಇಟ್ಟುಕೊಂಡು ಕುಳಿತೆ. ಕಾಲು ಹಗುರವಾಗಿ ಒತ್ತಬೇಕಾಗಿತ್ತು. ಆದರೆ ಭಯದಲ್ಲಿರುವವನ ಕಾಲಿಗೆ ಹಗುರ ಎಂಬುದು ತಿಳಿಯುವುದಿಲ್ಲ. ಇಂಜಿನ್ನು ಅಂಗಳ ನಡುಗುವಂತೆ ಅಬ್ಬರಿಸತೊಡಗಿತು.

ಬೀಗತಿ ಹೊಸ್ತಿಲ ಮೇಲಿಂದಲೇ, “ಏನ್ ಅವಸರ ಅದು? ಎಲ್ಲಿ ಬೆಂಕಿ ಬಿದ್ದೈತಿ? ನಮ್ಮ ಮನ್ಯಾಗ ಒಂದ ಗಳಿಗಿ ನಿಂದರಾಕೂ ಆಗವೊಲ್ದೇನು ನಿನಗ?” ಎಂದರು. ಗೌರವ ಕಾಪಾಡಲು ಕಾಲು ತೆಗೆದೆ. ಕಾರು ನಿಂತಿತು. “ನೋಡ್ರಿ, ನಾ ಹೇಳಿದ್ದೆನಿಲ್ಲ?” ಎಂಬ ನೋಟವನ್ನು ಬೀಗತಿ ನೆರೆದವರಿಗೆಲ್ಲ ಪ್ರಸಾದದಂತೆ ಹಂಚಿದರು. ಅವ್ವನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ತಂಗಿ ಯಾರನ್ನೂ ಕೇಳದೆ ಬಂದು, ಬಾಗಿಲು ತೆಗೆದು, ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟಳು. ಇನ್ನು ಇಳಿಯುವುದಿಲ್ಲ ಎಂಬಂತೆ ಕುಳಿತಳು. ನಾನು ಆತುರದಿಂದ ಮತ್ತೆ ಕೀಲಿ ತಿರುವಿದೆ. ತಂಗಿ ಮೂಗಿಗೆ ಸೆರಗು ಹಿಡಿದಳು.

“ಅಣ್ಣಾ, ಏನೋ ಇದು ವಾಸನಿ? ಅರಿಶಿಣ ಹುರದಂಗ ಬರಾಕತ್ತೈತಿ!”

ನನಗೆ ಯಾವ ವಾಸನೆಯೂ ಬರಲಿಲ್ಲ. ಅಪ್ಪನಿಗೂ ಅವ್ವನಿಗೂ ಬರಲಿಲ್ಲ. ನಮ್ಮ ಮನೆಯ ಗೋಡೆ, ಹಾಸಿಗೆ, ನಮ್ಮ ಮೈ ಎಲ್ಲವೂ ಭಂಡಾರದ ವಾಸನೆಯಲ್ಲಿಯೇ ನೆನೆದಿರುವುದರಿಂದ ನಮಗೆ ಅದು ಗಾಳಿಯ ಸಹಜ ಗುಣವೇ ಆಗಿಬಿಟ್ಟಿದೆ. ಆದರೆ ತವರು ಬಿಟ್ಟು ಬಂದವಳ ಮೂಗಿಗೆ, ಅದರಲ್ಲೂ ಬಸುರಿಯ ಮೂಗಿಗೆ, ಯಾವುದೂ ಅಡಗುವುದಿಲ್ಲ. “ಇಂಜಿನ್ ಕಡಿಂದನ ಬರಾಕತ್ತೈತಿ” ಎಂದು ಅವಳು ಖಚಿತಪಡಿಸಿದಳು. ಆಗ ಅಪ್ಪನ ಮುಖ ಅರಳಿತು. ಸಂಕೋಚವಿಲ್ಲದೆ, ನಾಲ್ಕು ಜನರಿಗೆ ಕೇಳುವಂತೆ ಹೇಳಿದ: “ಬರ್ದ ಏನ್ ಮಾಡ್ತೈತಿ ತಂಗಿ? ದಿನಾ ಮುಂಜಾನಿ ನಾನ ಹಾಕತೇನಲ್ಲ. ಅಣ್ಣ ಮ್ಯಾಲ ಬ್ಯಾಡ ಅಂದ, ಒಳಗ ಹಾಕು ಅಂದ. ಕುರಿ ಸೊರಗಿದ್ರ ಮೂಗಿಗೆ ಒಂದ ಚಿಟಿಗಿ ಊದತೇವಿಲ್ಲ? ಈ ಗಾಡಿಗೂ ಒಂದ ಮೂಗ ಐತಿ. ಕರೇ ಕೊಳವಿ. ಉಸರ ಎಳಕೋತೈತಿ ಅದು, ನಾ ಕೈ ಹಿಡದ ನೋಡೇನಿ. ಅದಕ್ಕ ಹಾಕತೇನಿ. ಬ್ಯಾನಿ ಹೆಚ್ಚಾದಂಗ ಎರಡ ಚಿಟಿಗಿ ಮಾಡೇನಿ. ಮೊನ್ನಿಂದ ಮುಟಗಿ.”

ನನ್ನ ಕಾಲು ತಾನಾಗಿ ಆಕ್ಸಿಲರೇಟರ್‌ನಿಂದ ಜಾರಿತು. ಕಾರು ಕೂಡ ಆ ಮಾತನ್ನು ಕೇಳಿಸಿಕೊಂಡಂತೆ ನಿಂತಿತು. ಇಳಿದು ಬಾನೆಟ್ ಎತ್ತಿ, ಗಾಳಿ ಸೋಸುವ ಕರಿಯ ಡಬ್ಬಿಯ ಕೊಂಡಿಗಳನ್ನು ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಅಕ್ಷರಶಃ ಬಂಗಾರದ ಗುಡ್ಡ. ಫಿಲ್ಟರಿನ ಮಡಿಕೆ ಮಡಿಕೆಗಳಲ್ಲಿ ಭಂಡಾರ ಕಟ್ಟಿಕೊಂಡಿತ್ತು. ಅದರ ಒಂದು ಅಂಚು ಸರಿಯಾಗಿ ಕೂಡದೆ ಮುದುಡಿದ್ದರಿಂದ ಪುಡಿ ಆ ಸಂದಿಯಿಂದ ದಾಟಿ ಮುಂದಕ್ಕೂ ಹೋಗಿತ್ತು. ನಾನು ಫಿಲ್ಟರನ್ನು ಎತ್ತಿ ನೆಲಕ್ಕೆ ಬಡಿಯಬೇಕೆಂದು ಕೈ ಎತ್ತಿದೆ.

“ಏ ತಡೀ ತಮ್ಮಾ, ತಡೀ! ನೆಲಕ್ಕ ಚೆಲ್ಲಬ್ಯಾಡ!” ಎಂದು ಕೂಗಿದವರು ಬೀಗತಿ. ಓಡಿ ಬಂದು ನನ್ನ ಕೈಯ ಕೆಳಗೆ ಸೆರಗು ಒಡ್ಡಿದರು. ಅವರೂ ಬೀರಪ್ಪನ ಒಕ್ಕಲೇ ಎಂಬುದು ನನಗೆ ಆ ಗಡಿಬಿಡಿಯಲ್ಲಿ ಮರೆತಿತ್ತು. ಅವರ ಹಿಂದೆ ಅವರ ಓರಗಿತ್ತಿ, ಅವರ ಹಿಂದೆ ಓಣಿಯ ಹೆಂಗಸರು. ನಾನು ಫಿಲ್ಟರನ್ನು ಮೆಲ್ಲಗೆ ತಟ್ಟುವುದು, ಅವರು ಸೆರಗಿನಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುವುದು. ಆ ಭಂಡಾರದಲ್ಲಿ ರಸ್ತೆಯ ಧೂಳೂ ಕಬ್ಬಿನ ರವದಿಯ, ಅಂದರೆ ಒಣಗರಿಯ, ಚೂರುಗಳೂ ಒಂದು ಒಣಗಿದ ಮಿಡತೆಯೂ ಇದ್ದವು. ಭಕ್ತಿಗೆ ಜರಡಿ ಇರುವುದಿಲ್ಲ.

ಬೀಗತಿ ಹಣೆಗೆ ಹಚ್ಚಿಕೊಂಡು, ಸೊಸೆಯ ಹಣೆಗೂ ಹಚ್ಚಿದರು. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಬೀಗತಿಯರಿಗೆ ಸುಲಭವಲ್ಲ. ಅದಕ್ಕೆ ತಕ್ಕ ಕಾರಣ ಬೇಕು. ಅದು ಅವರ ಸೆರಗಿನಲ್ಲಿಯೇ ಇತ್ತು. “ಇಷ್ಟ ಭಂಡಾರ ಹೊಟ್ಯಾಗ ಇಟ್ಕೊಂಡ ಬಂದ ಗಾಡಿಗೆ ಒಲ್ಲೆ ಅಂದ್ರ, ದೇವರಿಗೆ ಒಲ್ಲೆ ಅಂದಂಗ. ಹೋಗ್ರಿ ಬೀಗರ, ಕರ್ಕೊಂಡ ಹೋಗ್ರಿ” ಎಂದರು.

“ನಡುವ ಬಂದ್ ಬಿದ್ರ?” ಎಂದು ಅವರ ಯಜಮಾನರು ಮೆಲ್ಲಗೆ ಕೇಳಿದರು.

“ಬಂದ್ ಬಿದ್ರ ಬೀರಪ್ಪ ನೂಕತಾನ. ನೀವ್ ಸುಮ್ನಿರ್ರಿ.”

ಯಾವ ಪದಾರ್ಥ ಕಾರನ್ನು ಕೆಡಿಸಿತ್ತೋ ಅದೇ ಪದಾರ್ಥ ಅದಕ್ಕೆ ಯೋಗ್ಯತಾಪತ್ರ ಕೊಡಿಸಿತು. ಇತಿಹಾಸದಲ್ಲಿ ಇಂಥ ಘಟನೆಗಳನ್ನು ಓದಿದ್ದೆ, ಬಾನೆಟ್ಟಿನ ಕೆಳಗೆ ನೋಡಿರಲಿಲ್ಲ. ಕಾಲು ಒತ್ತಿಕೊಂಡೇ ತಂಗಿಯನ್ನು ಊರಿಗೆ ತಂದೆ. ದಾರಿಯಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತ, “ಹಂಗಾರ ಗಾಡಿ ಕೆಡಿಸಿದಾವ ನಾನ ಏನೋ ತಮ್ಮಾ?” ಎಂದ. ನಾನು ಶುದ್ಧವಾದ ವಾಕ್ಯವೊಂದನ್ನು ಹುಡುಕಿದೆ, ಸಿಗಲಿಲ್ಲ. “ಇಲ್ಲಪ್ಪಾ. ನೀ ಹಾಕಿದ್ದ ಬರೋಬರಿ ಐತಿ. ಜಾಗಾ ತಪ್ಪೈತಿ. ಜಾಗಾ ಹೇಳಿದಾವ ನಾ” ಎಂದೆ. ತಂಗಿ ಹಿಂದಿನಿಂದ, “ಅಯ್ಯ, ಅಣ್ಣಗ ನಮ್ಮ ಮಾತ ಇನ್ನೂ ಬರ್ತೈತಿ!” ಎಂದು ನಕ್ಕಳು.

ಮರುದಿನ ಈರಣ್ಣ ಕೊಳವೆ ಬಿಚ್ಚಿ ನೋಡಿದ. ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಪುಟ್ಟ ಬಾಗಿಲು ಇರುತ್ತದಂತೆ. ತಣ್ಣಗಿರುವಾಗ ಅದು ಕೊಂಚ ಹೆಚ್ಚು ತೆರೆದಿರುತ್ತದೆ; ಬಿಸಿಯಾದ ಮೇಲೆ ಕಾಲು ತೆಗೆದರೆ ಕೂದಲೆಳೆಯಷ್ಟು ಸಂದಿ ಮಾತ್ರ ಉಳಿಯುತ್ತದೆ. ಆ ಸಂದಿಯಲ್ಲಿ ಭಂಡಾರ ಎಣ್ಣೆಯ ಆವಿಯೊಂದಿಗೆ ಕಲೆತು ಹೂರಣದಂತೆ ಕಟ್ಟಿಕೊಂಡಿತ್ತು. ಇಂಜಿನ್ನು ಉಸಿರುಗಟ್ಟಿ ನಿಲ್ಲುತ್ತಿತ್ತು. “ಅಲ್ರಿ ಸರ, ಮೊದಲ ದಿನಾನ ಫಿಲ್ಟರ್ ತೆಗಿತಿದ್ದೆ. ನೀವು ಹೊಸಾದು ಅಂದ್ರಿ. ಒಳಗ ನೋಡಿದ್ರ ಪೂಜಾ ಪಾತ್ರಿ ತೊಳದಂಗ ಸ್ವಚ್ಛ. ಇಂಥಾ ಮನಷ್ಯಾರ ಗಾಡ್ಯಾಗ ಕಸ ಎಲ್ಲಿಂದ ಬರ್ಬೇಕು ಅಂತ ನಾನೂ ಬಿಟ್ಟೆ” ಎಂದು ಈರಣ್ಣ ತನ್ನ ಪಾಲಿನ ತಪ್ಪನ್ನೂ ನನ್ನ ಪಾಲಿಗೆ ಸೇರಿಸಿದ. ಸ್ವಚ್ಛಗೊಳಿಸಿ ಚಾಲೂ ಮಾಡಿದ. ಕಾರು ನಿಂತಲ್ಲಿಯೇ, ಹೊಟ್ಟೆ ತುಂಬಿ ಮಲಗಿದ ಕುರಿಯಂತೆ, ಸಮಾಧಾನದಿಂದ ಉಸಿರಾಡಿತು.

ಸುದ್ದಿ ಜಮಖಂಡಿಯನ್ನು ತಲುಪುವಷ್ಟರಲ್ಲಿ ತಲೆಕೆಳಗಾಗಿತ್ತು. ಕುಲಕರ್ಣಿ ಸಾಹೇಬರು ನನ್ನನ್ನು ಬದಿಗೆ ಕರೆದು, ದನಿ ತಗ್ಗಿಸಿ, “ನಿಮ್ಮ ಗಾಡಿ ಭಂಡಾರ ಹಾಕಿದ ಮ್ಯಾಲೆ ಆರಾಮ ಆತಂತಲ್ರೀ? ನಮ್ಮ ಸ್ಕೂಟರ್ ಸುದ್ದಾ ಬಿಸಿ ಆದ್ರ ಹಂಗ ಮಾಡ್ಲಿಕ್ಕತ್ತದ. ಒಂದು ಚೂರು ತಂದು ಕೊಡ್ರಿ” ಎಂದರು. ಇಡೀ ಸತ್ಯವನ್ನು ಕಾರ್ಯಕಾರಣಗಳ ಸಮೇತ ವಿವರಿಸಬೇಕೆಂದು ಬಾಯಿ ತೆರೆದೆ. ಅವರ ಮುಖದಲ್ಲಿದ್ದ ನಂಬಿಕೆಯನ್ನು ಕಂಡು ಅಷ್ಟನ್ನೂ ನುಂಗಿಕೊಂಡೆ. “ಕೊಡ್ತೇನಿ ಸರ್. ಆದ್ರ ಮ್ಯಾಲ ಹಚ್ಚರಿ. ಒಳಗ ಹಾಕಬ್ಯಾಡ್ರಿ” ಎಂದಷ್ಟೇ ಹೇಳಿದೆ.

ನಮ್ಮ ಕುಟುಂಬದಲ್ಲಿ ಇದರಿಂದ ಆದ ಬದಲಾವಣೆಗಳು ಇಷ್ಟು. ತಂಗಿಗೆ ನಮ್ಮ ಮನೆಯಲ್ಲಿಯೇ ಬಾಣಂತನವಾಯಿತು; ಹೆಣ್ಣು ಮಗು, ಇಬ್ಬರೂ ಆರಾಮ, ಕಂಬಳಿ ತೊಟ್ಟಿಲಲ್ಲಿದೆ. ಮೊಮ್ಮಗಳನ್ನು ನೋಡಲು ಬರುವ ಬೀಗತಿ ಹೊರಡುವಾಗ ನಮ್ಮ ಕಾರಿನಲ್ಲಿಯೇ ಕುಳಿತು, ಇಂಜಿನ್ ಚಾಲೂ ಮಾಡಿಸಿ, ಪೆಟ್ರೋಲ್ ಇರುವವರೆಗೂ ಅವ್ವನೊಂದಿಗೆ ಮುಖ್ಯ ವಿಷಯಗಳನ್ನು ಮಾತನಾಡುತ್ತಾರೆ. ಭಂಡಾರ ಬಾನೆಟ್ಟಿನ ಮೇಲಕ್ಕೆ ಮರಳಿದೆ. ಎಲ್ಲಿ ಹಾಕಬೇಕೆಂದು ಅಪ್ಪ ಈಗ ನನ್ನನ್ನು ಕೇಳುವುದಿಲ್ಲ. ಕಾರಿಗೆ ಹಾಕಿ ಉಳಿದದ್ದನ್ನು ಕಿಟಕಿಯೊಳಗೆ ಕೈ ಚಾಚಿ ನನ್ನ ಹಣೆಗೆ ಬಳಿಯುತ್ತಾನೆ. ನಾನು ಹಾಗೆಯೇ ಕಚೇರಿಗೆ ಹೋಗುತ್ತೇನೆ.